ಮಗಳ ಕೋಣೆಯ ಗೋಡೆಗೆ ಕಡಲಿನ ಚಿತ್ರ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ದೀಪಾವಳಿ ರಜೆಯಲ್ಲಿ ಕಾರವಾರಕ್ಕೆ ಹೋಗಿ ಬಂದ ದಿನದಿಂದ ನನ್ನ ಆರು ವರ್ಷದ ಮಗಳು ತನ್ನ ಕೋಣೆಯ ಗೋಡೆಯ ತುಂಬ ಕಡಲು ಬೇಕೆಂದು ಹಟ ಹಿಡಿದಿದ್ದಾಳೆ. ಅಂಗಡಿಯ ಸ್ಟಿಕರ್ ತಂದು ಅಂಟಿಸಲು ನನಗೆ ಮನಸ್ಸಿಲ್ಲ. ಅವಳನ್ನೂ ಕೂಡಿಸಿಕೊಂಡು ನಾನೇ ಬರೆಯಬೇಕೆಂದಿದ್ದೇನೆ. ಗೋಡೆ 12 ಅಡಿ ಅಗಲ, 10 ಅಡಿ ಎತ್ತರವಿದೆ. ಮೇಲಿರುವ ಹಳೆಯ ಡಿಸ್ಟೆಂಪರ್ ಸವರಿದರೆ ಅಂಗೈಗೆ ಪುಡಿ ಹತ್ತುತ್ತದೆ, ಮಳೆಗಾಲದಲ್ಲಿ ಬುಡದಿಂದ ಒಂದೂವರೆ ಅಡಿಯವರೆಗೆ ಬಿಳಿಯ ಸವಳು (ಉಪ್ಪಿನ ಪುಡಿ) ಏಳುತ್ತದೆ. ಇದರ ಮೇಲೆ ಬಣ್ಣ ನಿಂತೀತೆ? ಗೋಡೆಯೆಲ್ಲ ನೀಲಿಯಾದರೆ ಕೋಣೆ ಕತ್ತಲೆಯೆನಿಸುವುದಿಲ್ಲವೆ? ಮಗಳಿಗೆ ರಾತ್ರಿ ಕತ್ತಲೆಂದರೆ ಭಯ, ಆದ್ದರಿಂದ ಇದನ್ನು ಕೇಳುತ್ತಿದ್ದೇನೆ.

ಉತ್ತರ 1 (ಬಣ್ಣದ ಗುತ್ತಿಗೆದಾರ, ಧಾರವಾಡ)

ಸರ್, ಮೊದಲು ಗೋಡೆಯ ಮಾತು, ಚಿತ್ರದ ಮಾತು ಆಮೇಲೆ. ಪುಡಿ ಬಿಡುವ ಡಿಸ್ಟೆಂಪರ್ ಮೇಲೆ ಎಷ್ಟು ಬೆಲೆಯ ಬಣ್ಣ ಹಚ್ಚಿದರೂ ಅದು ಪುಡಿಯನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಗೋಡೆಯನ್ನಲ್ಲ, ಕೊನೆಗೆ ಹಪ್ಪಳದಂತೆ ಎದ್ದು ಬರುತ್ತದೆ. ನೀರು ಚಿಮುಕಿಸಿ, ಪತ್ರಾದಿಂದ (ಬಣ್ಣ ಕೆರೆಯುವ ತಗಡಿನ ಪಟ್ಟಿಯಿಂದ) ಪೂರ್ತಿ ಕೆರೆದು ತೆಗೆಯಿರಿ. ಸವಳನ್ನು ಒಣ ಬ್ರಷ್‌ನಿಂದಲೇ ಉದುರಿಸಬೇಕು; ನೀರಿನಿಂದ ತೊಳೆದರೆ ಅದು ಕರಗಿ ಮತ್ತೆ ಗಿಲಾವಿನೊಳಗೆ ಇಳಿಯುತ್ತದೆ.

ತೇವ ಇನ್ನೂ ಇದೆಯೆ ಎಂದು ತಿಳಿಯಲು ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಬಿಗಿಯಾಗಿ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ ಹನಿ ಕಟ್ಟಿದ್ದರೆ ಬಣ್ಣದ ಡಬ್ಬಿಯನ್ನು ತೆರೆಯಲೇಬೇಡಿ. ಹೊರಗೋಡೆಯ ಬಿರುಕು, ಕಿಟಕಿಯ ಮೇಲಿನ ಸಜ್ಜಾ, ನೀರಿನ ಪೈಪು ಇವುಗಳನ್ನು ಮೊದಲು ನೋಡಿಸಿ. ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಹಳೆಯ ಮನೆಗಳಲ್ಲಿ ಬಿರುಕು ಮೂಡುವುದು ಹೊಸದಲ್ಲ, ನೀರು ಅಲ್ಲಿಂದಲೇ ಒಳಗೆ ಬರುತ್ತದೆ. ರಿಪೇರಿ ಮಾಡಿಸಿ, ಬೇಸಿಗೆಯ ಬಿಸಿಲಿಗೆ ಗೋಡೆ ಒಣಗಿದ ಮೇಲೆ ಪುಟ್ಟಿ, ಪಾಲಿಶ್ ಪೇಪರ್, ಒಂದು ಕೈ ಪ್ರೈಮರ್. ಚಿತ್ರಕ್ಕೆ ನೀರಿನಲ್ಲಿ ಕಲಸುವ ಎಮಲ್ಷನ್ ಬಣ್ಣವೇ ಸಾಕು. ಒಂದು ಲೀಟರ್ ಸುಮಾರು 120ರಿಂದ 140 ಚದರಡಿಗೆ ಒಂದು ಕೈ ಬರುತ್ತದೆ, ನಿಮ್ಮ ಗೋಡೆಗೆ ಎರಡು ಲೀಟರ್ ಬಿಳಿ ಮತ್ತು ಅದಕ್ಕೆ ಬೆರೆಸುವ ಗಾಢ ಬಣ್ಣದ ಸ್ಟೇನರ್ ಬಾಟಲಿಗಳು ಸಾಕಾಗುತ್ತವೆ.

ಉತ್ತರ 2 (ಚಿತ್ರಕಲಾ ಶಿಕ್ಷಕಿ, ಗದಗ)

ಕತ್ತಲೆಯ ಚಿಂತೆಗೆ ಉತ್ತರ ಕಡಲಿನಲ್ಲೇ ಇದೆ. ಸೂರ್ಯನ ಬೆಳಕು ನೀರಿಗಿಳಿದಂತೆ ಮೊದಲು ಕೆಂಪು ಅಡಗುತ್ತದೆ, ನೀಲಿಯೇ ಹೆಚ್ಚು ಆಳಕ್ಕೆ ಹೋಗುತ್ತದೆ. 200 ಮೀಟರಿನಿಂದ ಕೆಳಗೆ ಗಿಡಪಾಚಿಗಳು ಬದುಕುವಷ್ಟು ಬೆಳಕೂ ಉಳಿಯುವುದಿಲ್ಲ. ನೀವು ಅಷ್ಟು ಆಳಕ್ಕೆ ಇಳಿಯಬೇಕಾಗಿಯೇ ಇಲ್ಲ. ಬಿಸಿಲು ಬೀಳುವ ಆಳವಿಲ್ಲದ ಕಡಲನ್ನು ಬರೆಯಿರಿ: ಮೇಲೆ ಹಾಲಿಗೆ ಒಂದು ಹನಿ ನೀಲಿ ಬಿದ್ದಂತಹ ಬಣ್ಣ, ನಡುವೆ ಹಸಿರು ಬೆರೆತ ನೀಲಿ, ಬುಡದಲ್ಲಿ ಮಾತ್ರ ಗಾಢ. ಮೂರು ತಂಬಿಗೆಯಲ್ಲಿ ಮೂರು ಹದವನ್ನು ಮೊದಲೇ ಕಲಸಿಟ್ಟುಕೊಳ್ಳಿ, ಏಕೆಂದರೆ ನಡುವೆ ಮುಗಿದರೆ ಅದೇ ಬಣ್ಣ ಮತ್ತೆ ಕೂಡಿ ಬರುವುದಿಲ್ಲ. ಎರಡು ಬಣ್ಣಗಳು ಸೇರುವ ಅಂಚು ಹಸಿಯಿರುವಾಗಲೇ ಒದ್ದೆ ಸ್ಪಂಜಿನಿಂದ ಅಡ್ಡಡ್ಡ ತಟ್ಟಬೇಕು. ನಮ್ಮ ಬಯಲುಸೀಮೆಯ ಮಾರ್ಚ್ ಬಿಸಿಲಿಗೆ ಬಣ್ಣ ಬೇಗ ಆರುವುದರಿಂದ, ಬೆಳಗಿನ ಹೊತ್ತು ಒಬ್ಬರು ಹಚ್ಚುತ್ತ, ಇನ್ನೊಬ್ಬರು ತಟ್ಟುತ್ತ ಹೋದರೆ ಗೆರೆ ನಿಲ್ಲುವುದಿಲ್ಲ.

ಮೀನುಗಳಿಗೆ ಇಂಗ್ಲಿಷ್ ಕಾರ್ಟೂನುಗಳನ್ನು ನಕಲು ಮಾಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಮಗು ಕಂಡಿದ್ದು ಕಾರವಾರದ ಕಡಲು, ಅದರ ಜೀವಿಗಳೇ ಗೋಡೆಗೆ ಬರಲಿ. ಮೀನು ಪೇಟೆಗೆ ಹೋಗಿ ಒಂದು ಬಂಗಡೆಯನ್ನು ಕೈಯಲ್ಲಿ ಹಿಡಿದು ನೋಡಿ: ಬೆನ್ನು ಹಸಿರುನೀಲಿ, ಅದರ ಮೇಲೆ ಕಪ್ಪು ಗೆರೆಗಳು, ಹೊಟ್ಟೆ ಬೆಳ್ಳಿ. ಮೇಲಿನಿಂದ ನೋಡುವ ಹಕ್ಕಿಗೆ ಬೆನ್ನು ನೀರಿನಲ್ಲಿ ಕರಗುತ್ತದೆ, ಕೆಳಗಿನ ಬೇಟೆಮೀನಿಗೆ ಹೊಟ್ಟೆ ಬೆಳಕಿನಲ್ಲಿ ಕರಗುತ್ತದೆ. ಹೊನ್ನಾವರದ ತೀರದಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲಿ ಕಡಲಾಮೆ, ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳಗಳು, ಒಂದು ತೊರಕೆ ಮೀನು, ಇಷ್ಟಕ್ಕೇ ಗೋಡೆ ತುಂಬುತ್ತದೆ. ಆಮೆಯನ್ನು ಮಗಳ ಕಣ್ಣಿನ ಎತ್ತರಕ್ಕೆ, ಅಂದರೆ ಮೂರೂವರೆ ಅಡಿಯ ಆಸುಪಾಸಿನಲ್ಲಿ ಬರೆಯಿರಿ. ಮಂಚ, ಕಪಾಟು ಎಲ್ಲಿ ಬರುತ್ತವೆಂದು ಸುಣ್ಣದ ಕಡ್ಡಿಯಿಂದ ಮೊದಲೇ ಗುರುತು ಹಾಕಿಕೊಳ್ಳಿ. ಚಿತ್ರವನ್ನು ಕಾಗದದಲ್ಲಿ ಚೌಕ ಹಾಕಿ ಬರೆದು, ಗೋಡೆಯ ಮೇಲೆ ಒಂದೊಂದು ಅಡಿಯ ಚೌಕಕ್ಕೆ ಹಿಗ್ಗಿಸಿದರೆ ಆಕಾರ ಕೆಡುವುದಿಲ್ಲ.

ಉತ್ತರ 3 (ಗೃಹಿಣಿ, ರಾಣೆಬೆನ್ನೂರು)

ಅಣ್ಣಾ, ಒಂದು ಮಾತು. ನಾವು ನಮ್ಮ ಮಗನ ಕೋಣೆಗೆ ಮನೆಯಲ್ಲಿ ಉಳಿದಿದ್ದ ಆಯಿಲ್ ಪೇಂಟ್ ಬಳಸಿ ತಪ್ಪು ಮಾಡಿದೆವು. ಹದಿನೈದು ದಿನ ವಾಸನೆ ಹೋಗದೆ ಅವನು ಅಜ್ಜಿಯ ಹತ್ತಿರ ಮಲಗಿದ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಆದ್ದರಿಂದ ಅದಕ್ಕಿಂತ ಹಿಂದಿನ ಡಬ್ಬಿ ಅಟ್ಟದ ಮೇಲಿದ್ದರೆ ಮಕ್ಕಳ ಕೋಣೆಗೆ ತರಲೇಬೇಡಿ. ಹಳೆಯ ಬಾಗಿಲು, ಕಿಟಕಿಗಳ ಆಯಿಲ್ ಪೇಂಟನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸುವುದೂ ಬೇಡ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಸಾರೆ ವಂದನೆಗಳು. ಪ್ಲಾಸ್ಟಿಕ್ ಹಾಳೆಯನ್ನು ಇಂದೇ ಅಂಟಿಸಿದ್ದೇನೆ. ಮಗಳ ಕೈಗೆ ಯಾವ ಕೆಲಸ ಕೊಡಲಿ, ಮೇಡಂ?

ಉತ್ತರ 2 (ಚಿತ್ರಕಲಾ ಶಿಕ್ಷಕಿ, ಗದಗ)

ಹವಳ ಅವಳದು. ಬೆಂಡೆಕಾಯಿಯ ತುದಿ ಕತ್ತರಿಸಿ, ಕೇಸರಿ ಬಣ್ಣದಲ್ಲಿ ಅದ್ದಿ ಬುಡದಲ್ಲಿ ಒತ್ತಲು ಹೇಳಿ. ಅವಳು ಒತ್ತಿದ ಜಾಗವನ್ನು ನೀವು ತಿದ್ದಬೇಡಿ.