‘ಮೈಟೋಫೇಜಿ’ಗೆ ‘ಭಕ್ಷಣೆ’ ಹೊಂದುತ್ತದೆಯೆ?

ಹೃದ್ರೋಗದ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿರುವ ನಾನು ‘ಮೈಟೋಫೇಜಿ’ ಎಂಬ ಪದದ ಬಳಿ ತಡೆದು ನಿಂತಿದ್ದೇನೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯ ಎಂಬ ಪುಟ್ಟ ಅಂಗಗಳಲ್ಲಿ ಕೆಟ್ಟವನ್ನು ಕೋಶವೇ ಒಡೆದು ಮರುಬಳಸುವ ಕ್ರಿಯೆಯಿದು. ಕೋಶವು ತನ್ನದೇ ಭಾಗಗಳನ್ನು ಒಡೆದುಕೊಳ್ಳುವ ‘ಆಟೋಫೇಜಿ’ಯನ್ನು ‘ಸ್ವಭಕ್ಷಣೆ’ ಎನ್ನುವುದಾದರೆ ಇದು ‘ಮೈಟೋಭಕ್ಷಣೆ’ ಆಗಬೇಕು. ಗ್ರೀಕ್ ಮೂಲದ ಅರ್ಥವೂ ತಿನ್ನುವುದೆಂದೇ. ಆದರೆ ಕರಡನ್ನು ಓದಿದ ನನ್ನ ಅಕ್ಕ, “ಹೃದಯ ತನ್ನನ್ನೇ ತಿಂದುಕೊಳ್ಳುವ ಕಾಯಿಲೆಯೇನೋ ಇದು?” ಎಂದು ಕೇಳಿದಳು. ನಡೆಯುವುದು ಬಹುಮಟ್ಟಿಗೆ ಅದಕ್ಕೆ ವಿರುದ್ಧವಾದದ್ದು.

ಹೃದಯದ ಸ್ನಾಯುಕೋಶದ ಗಾತ್ರದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲನ್ನು ಮೈಟೋಕಾಂಡ್ರಿಯಗಳೇ ತುಂಬಿವೆ. ಈ ಕೋಶಗಳು ಹೊಸತಾಗಿ ಹುಟ್ಟುವುದು ತೀರ ವಿರಳ, 25ರ ಹರೆಯದಲ್ಲೂ ವರ್ಷಕ್ಕೆ ಸುಮಾರು ಶೇ. 1ರಷ್ಟು ಮಾತ್ರ, ಹಾಗಾಗಿ ಕೆಟ್ಟ ಮೈಟೋಕಾಂಡ್ರಿಯವನ್ನು ಕೋಶವು ತನ್ನೊಳಗೇ ನಿಭಾಯಿಸಬೇಕು. ಮೈಟೋಕಾಂಡ್ರಿಯದ ಒಳಪೊರೆಯ ವಿದ್ಯುತ್ ವಿಭವ (ವೋಲ್ಟೇಜು) ಕುಸಿದಾಗ, ಎಂದಿನಂತೆ ಒಳಹೊಕ್ಕು ತುಂಡಾಗಬೇಕಿದ್ದ ಪಿಂಕ್-1 ಎಂಬ ಪ್ರೋಟೀನು ಹೊರಪೊರೆಯ ಮೇಲೆಯೇ ಜಮೆಯಾಗಿ ಪಾರ್ಕಿನ್ ಎಂಬ ಇನ್ನೊಂದನ್ನು ಬರಮಾಡಿಕೊಳ್ಳುತ್ತದೆ; ಪಾರ್ಕಿನ್ ಅಲ್ಲಿ ಯುಬಿಕ್ವಿಟಿನ್ ಎಂಬ ಚೀಟಿಗಳನ್ನು ಅಂಟಿಸುತ್ತದೆ; ಚೀಟಿ ಬಿದ್ದದ್ದನ್ನು ಪೊರೆಯೊಂದು ಸುತ್ತಿಕೊಂಡು ಲೈಸೋಸೋಮ್ ಎಂಬ ಕೋಶದ ಜೀರ್ಣಚೀಲಕ್ಕೆ ಸೇರಿಸುತ್ತದೆ. ಅಲ್ಲಿ ಒಡೆದು ಬಿಡಿಯಾದ ಅಮೈನೋ ಆಮ್ಲಗಳು ಮರಳಿ ಬಳಕೆಗೆ ಬರುತ್ತವೆ. ಈ ಕೆಲಸ ಕುಂಟಿದರೆ, ಹಾಳಾದ ಮೈಟೋಕಾಂಡ್ರಿಯಗಳು ಉಳಿದುಕೊಂಡು, ಅವುಗಳಿಂದ ಸೋರುವ ಸುಲಭವಾಗಿ ಪ್ರತಿಕ್ರಿಯಿಸುವ ಆಮ್ಲಜನಕದ ಕಣಗಳು ಕೋಶವನ್ನೇ ಕೆಡಿಸುತ್ತವೆ. ಹೃದಯ ವೈಫಲ್ಯಕ್ಕೆ ಇದೂ ಒಂದು ದಾರಿ.

ಇಡೀ ವ್ಯವಸ್ಥೆಗೆ ‘ಗುಣಮಟ್ಟ ನಿಯಂತ್ರಣ’ ಎಂದು ಬರೆದರೆ ತಪ್ಪೇನಿಲ್ಲ, ಆದರೆ ಅದಕ್ಕೆ ಕಾರ್ಖಾನೆಯ ವಾಸನೆ ಅಂಟಿದೆ; ಇಲ್ಲಿ ಪರೀಕ್ಷೆಗೊಳಗಾಗುವುದು ಗೇಟು ದಾಟಿ ಹೋಗಬೇಕಾದ ಸರಕಲ್ಲ. ನನಗೆ ಹೊಳೆದ ಪದ ‘ಹಸನು’. ಅಮ್ಮ ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು, ನೆಲ್ಲು ಆರಿಸುತ್ತಿದ್ದುದನ್ನು ನಾವು ‘ಅಕ್ಕಿ ಹಸನು ಮಾಡುವುದು’ ಎನ್ನುತ್ತಿದ್ದೆವು. ಆದರೆ ಆರಿಸಿದ ಕಲ್ಲು ಅಂಗಳಕ್ಕೆ ಬೀಳುತ್ತದೆ, ಅನ್ನವಾಗುವುದಿಲ್ಲ. ಬಿಚ್ಚಿ ಬಿಡಿಭಾಗಗಳನ್ನು ಮತ್ತೆ ಬಳಸುವ ಅರ್ಥ ‘ಗುಜರಿ’ಯಲ್ಲಿದೆ, ಅದು ಕ್ರಿಯಾಪದವಾಗಿ ಪಳಗುವುದಿಲ್ಲವೆಂಬುದೇ ತೊಡಕು. ಹಾಗಾಗಿ ‘ಹಸನು’ ಕಡೆಗೇ ಮನಸ್ಸು ವಾಲುತ್ತದೆ; ‘ಹಸನಾಗದ ಮೈಟೋಕಾಂಡ್ರಿಯ’ ಎಂದರೆ ಕಿವಿಗೆ ಒಗ್ಗುತ್ತದೆ. ಈ ಕ್ರಿಯೆ ಅತಿಯಾದರೂ ಕೋಶಕ್ಕೆ ಹಾನಿಯೇ ಆದ್ದರಿಂದ, ಆ ಒಂದು ಸಂದರ್ಭದಲ್ಲಿ ಮಾತ್ರ ‘ಭಕ್ಷಣೆ’ಯೇ ಸರಿಯೆನಿಸುತ್ತದೆ.

‘ಹೊಲ ಹಸನು ಮಾಡುವುದು’ ಎಂಬ ಬಳಕೆಯೂ ಇದೆಯಷ್ಟೆ; ಅಲ್ಲಿ ಹದಗೊಳಿಸುವ ಅರ್ಥವೇ ಮುಂದಾಗಿರುವುದರಿಂದ, ನಿಮ್ಮ ಕಡೆಯ ಓದುಗರಿಗೆ ‘ಹಸನು’ ಎಂದೊಡನೆ ಆರಿಸಿ ತೆಗೆಯುವುದು ನೆನಪಾಗುತ್ತದೆಯೆ ಎಂಬುದನ್ನು ದಯವಿಟ್ಟು ತಿಳಿಸಬೇಕು.