ಕೈಯಲ್ಲಿ ಹೆಣೆದ ಪಾಪುವಿನ ಸೆಟ್ಟಿಗೆ 700 ರೂಪಾಯಿ ಜಾಸ್ತಿಯಾ?

ನೂಲುಂಡೆ, ಬದಿಯಡ್ಕ
ಎಲ್ಲರಿಗೂ ನಮಸ್ಕಾರ. ಪಕ್ಕದ ಮನೆಯ ಅಕ್ಕ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆ ಕ್ರೋಶಾ (ಕೊಕ್ಕೆ ಕಡ್ಡಿಯಲ್ಲಿ ಹೆಣೆಯುವ) ಸೆಟ್ ಬೇಕು ಅಂದರು. ಸ್ವೆಟರ್, ಟೊಪ್ಪಿ, ಕಾಲಿಗೆ ಹಾಕುವ ಬೂಟೀಸ್. ನಾನು 700 ಹೇಳಿದೆ. "ಕಾಸರಗೋಡು ಬಸ್‌ಸ್ಟ್ಯಾಂಡಿನ ಹತ್ತಿರ 300ಕ್ಕೆ ಸಿಗುತ್ತದಲ್ಲಾ, ನೀನು ಹೇಗೂ ಮನೆಯಲ್ಲೇ ಕೂತಿರುತ್ತೀಯ" ಅಂದರು. 300ರ ಮಾತು ಬಿಡಿ, ಆ ಎರಡನೇ ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಮೊನ್ನೆ ಇಂಥದ್ದೇ ಒಂದು ಸೆಟ್ ಮಾಡುವಾಗ ಗಂಟೆ ಬರೆದಿಟ್ಟಿದ್ದೆ. ಸ್ವೆಟರ್‌ಗೆ 11, ಟೊಪ್ಪಿಗೆ 3, ಬೂಟೀಸ್‌ಗೆ ಎರಡೂವರೆ. ಒಟ್ಟು ಹದಿನಾರೂವರೆ ಗಂಟೆ. ಹತ್ತಿ ನೂಲು 150 ಗ್ರಾಂ, 225 ರೂಪಾಯಿ. ಗುಂಡಿಗೆ 20. 700ರಲ್ಲಿ ನನ್ನ ಕೈಗೆ ಉಳಿಯುವುದು 455. ಅಂದರೆ ಗಂಟೆಗೆ ಇಪ್ಪತ್ತೇಳೂವರೆ ರೂಪಾಯಿ. ಇದು ಜಾಸ್ತಿಯಾ?

ಪೆರ್ಲದ ಹುಡುಗಿ
ಖಂಡಿತ ಜಾಸ್ತಿ ಅಲ್ಲ ಅಕ್ಕ. ಸುಲಭದ ಲೆಕ್ಕ ಹೇಳುತ್ತೇನೆ. ನೂಲಿನ ಖರ್ಚನ್ನು ಮೂರರಿಂದ ಗುಣಿಸಿ. ನಾನು ಎಲ್ಲದಕ್ಕೂ ಹಾಗೇ ಮಾಡುವುದು. ಗಿರಾಕಿ ಕೇಳಿದ ಕೂಡಲೇ ರೇಟ್ ಹೇಳಬಹುದು.

ಉಪ್ಪಳ ಕೈಕೆಲಸ
ಆ ಲೆಕ್ಕದಿಂದಲೇ ನಾನು ಎರಡು ವರ್ಷ ಪೆಟ್ಟು ತಿಂದೆ. ದಪ್ಪ ನೂಲಿನ ಒಂದು ಬ್ಯಾಗ್ ಮಾಡಿದೆ. ನೂಲಿಗೇ 480 ಆಯಿತು, ಕೆಲಸ ಐದು ಗಂಟೆಯಲ್ಲಿ ಮುಗಿಯಿತು. ಮೂರು ಪಟ್ಟು ಅಂದರೆ 1440. ನೂಲು ಕಳೆದರೆ ಗಂಟೆಗೆ 192 ಸಿಕ್ಕಿದ ಹಾಗಾಯಿತು. ಅದೇ ವಾರ ಟೀಪಾಯಿ ಮೇಲೆ ಹಾಸುವ ದುಂಡನೆಯ ಲೇಸ್ ಮಾಡಿದೆ. 20ನೇ ನಂಬರಿನ ಸಪೂರ ನೂಲು, ಬರೀ 60 ರೂಪಾಯಿಯದ್ದು. ಆದರೆ ಹದಿನಾಲ್ಕು ಗಂಟೆ ಕೂತೆ. ಹೊರಗಿನ ಸುತ್ತಿಗೆ ಬಂದಾಗ ಕಣ್ಣಲ್ಲಿ ನೀರು. ಒಂದು ಕಡೆ ಒಂದು ಚೈನ್ (ಕುಣಿಕೆ) ತಪ್ಪಿ ಇಡೀ ಸುತ್ತು ಬಿಚ್ಚಬೇಕಾಯಿತು. ಮೂರು ಪಟ್ಟು ಅಂದರೆ 180. ನೂಲು ಕಳೆದರೆ 120. ಗಂಟೆಗೆ ಎಂಟೂವರೆ ರೂಪಾಯಿ!

ನೂಲು ಸಪೂರ ಆದಷ್ಟೂ ಖರ್ಚು ಕಡಿಮೆ, ಕೆಲಸ ಜಾಸ್ತಿ. ಹಾಗಾಗಿ ಮೂರು ಪಟ್ಟಿನ ಲೆಕ್ಕದಲ್ಲಿ ಕಷ್ಟದ ಕೆಲಸಕ್ಕೇ ಕಡಿಮೆ ದುಡ್ಡು. ನೂಲು ಬೇರೆ, ಗಂಟೆ ಬೇರೆ ಬರೆಯಲೇಬೇಕು.

ಕುಂಬಳೆ ಟೀಚರ್
ಸರಿಯಾಗಿ ಹೇಳಿದಿರಿ. ಗಂಟೆಗೆ ಎಷ್ಟು ಅನ್ನುವುದಕ್ಕೆ ನನ್ನ ಹತ್ತಿರ ಒಂದು ಅಳತೆ ಉಂಟು. ಕೇರಳದಲ್ಲಿ 2025-26ಕ್ಕೆ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 369 ರೂಪಾಯಿ ಇತ್ತು. ಎಂಟು ಗಂಟೆಗೆ ಭಾಗಿಸಿದರೆ 46. ನಿಮ್ಮ ಹದಿನಾರೂವರೆ ಗಂಟೆಗೆ 759 ಆಯಿತು. ನೂಲು, ಗುಂಡಿ ಸೇರಿಸಿದರೆ 1004. ಸರ್ಕಾರ ಕೊಡುವ ಕೂಲಿಗಿಂತ ಕಡಿಮೆಗೆ ನೀವು ಒಪ್ಪಿದ್ದೀರಿ. 46 ಕೂಡ ದೊಡ್ಡದೇನಲ್ಲ. ಕೊನೆಯ ಮೆಟ್ಟಿಲು ಅಂತ ಇಟ್ಟುಕೊಳ್ಳಿ, ಅದಕ್ಕಿಂತ ಕೆಳಗೆ ಇಳಿಯಬೇಡಿ. ಅಡಿಕೆ ಮರಕ್ಕೆ ಮದ್ದು ಬಿಡಲು ಬಂದವರ ಹತ್ತಿರ ಯಾರೂ ಚೌಕಾಸಿ ಮಾಡುವುದಿಲ್ಲ, ಅಲ್ವಾ?

ಮುಳ್ಳೇರಿಯದ ಗಿರಾಕಿ
ಕೊಳ್ಳುವವನಾಗಿ ಒಂದು ಮಾತು. ತಪ್ಪು ತಿಳಿಯಬೇಡಿ. ನನಗೂ ಚಿಕ್ಕ ಮಗು ಉಂಟು, ಕೈಕೆಲಸ ಅಂದರೆ ಇಷ್ಟ. ಆದರೆ ಮಗು ಮೂರು ತಿಂಗಳಲ್ಲಿ ಬೆಳೆಯುತ್ತದೆ. ಸಾವಿರ ಕೊಟ್ಟ ಸ್ವೆಟರ್ ಹತ್ತು ಸಲ ಹಾಕಿದರೆ ಜಾಸ್ತಿ. ನಮ್ಮ ಸೆಖೆಗೆ ಅಷ್ಟೂ ಹಾಕುವುದಿಲ್ಲ. ನಿಮ್ಮ ಗಂಟೆಗೆ ಬೆಲೆ ಇದೆ, ಒಪ್ಪಿದೆ. ನನ್ನ ಸಂಬಳಕ್ಕೂ ಒಂದು ಮಿತಿ ಇದೆಯಲ್ಲಾ. ಇನ್ನೊಂದು, ನಿಧಾನ ಕೈಯವರು 16 ಗಂಟೆ ತೆಗೆದುಕೊಂಡರೆ ಅದರ ಖರ್ಚು ಗಿರಾಕಿ ಯಾಕೆ ಕೊಡಬೇಕು?

ಉಪ್ಪಳ ಕೈಕೆಲಸ
ನಿಮ್ಮ ಕೊನೆಯ ಪ್ರಶ್ನೆ ನ್ಯಾಯದ್ದೇ. ಅದಕ್ಕೆ ನಮ್ಮ ಅಯಲ್‌ಕೂಟದಲ್ಲಿ (ನೆರೆಹೊರೆಯ ಹೆಂಗಸರ ಗುಂಪು) ಒಂದು ದಾರಿ ಮಾಡಿದ್ದೇವೆ. ಕೇರಳ ಸರ್ಕಾರದ ಮಹಿಳಾ ಯೋಜನೆ ಕುಟುಂಬಶ್ರೀ 1998ರಲ್ಲಿ ಶುರುವಾದಾಗಿನಿಂದ ಉಳಿತಾಯ, ಸಾಲದ ಲೆಕ್ಕ ಒಟ್ಟಿಗೆ ಕೂತು ಬರೆದು ನಮ್ಮ ಹೆಂಗಸರಿಗೆ ಅಭ್ಯಾಸ. ಅದೇ ಪುಸ್ತಕದ ಹಿಂದಿನ ಪುಟದಲ್ಲಿ ಕ್ರೋಶಾ ಲೆಕ್ಕ ಬರೆದೆವು. ಒಂದೇ ಟೊಪ್ಪಿ, ಒಂದೇ ನೂಲು, ಒಂದೇ ಕಡ್ಡಿ, ಮೂವರು ಹೆಣೆದೆವು. ಒಬ್ಬರಿಗೆ ಎರಡು ಗಂಟೆ, ಒಬ್ಬರಿಗೆ ಎರಡೂ ಮುಕ್ಕಾಲು, ಹೊಸಬಳಿಗೆ ನಾಲ್ಕು. ಮಧ್ಯದ್ದನ್ನು ಹಿಡಿದೆವು. ಈಗ ಆ ಟೊಪ್ಪಿ ಯಾರು ಮಾಡಿದರೂ ಎರಡೂ ಮುಕ್ಕಾಲು ಗಂಟೆಯ ಕೂಲಿ. ಹೊಸಬಳಿಗೆ ಮೊದಲು ನಷ್ಟ ಅನಿಸಿತು. ಆರು ತಿಂಗಳಲ್ಲಿ ಕೈ ಓಡಿತು.

ಬೀಡಿ ಕಟ್ಟುವವರ ಮಗಳು
ಇದು ಬೀಡಿಯ ಲೆಕ್ಕವೇ. ನನ್ನ ಅಮ್ಮ ಮಂಜೇಶ್ವರದಲ್ಲಿ ಮೂವತ್ತು ವರ್ಷ ಬೀಡಿ ಕಟ್ಟಿದರು. ಅವರಿಗೂ ಮನೆಯಲ್ಲೇ ಕೂತು ಕೆಲಸ. ಮಡಿಲಲ್ಲಿ ಮೊರ, ಪಕ್ಕದಲ್ಲಿ ನಾನು. ಆದರೂ ಸಾವಿರ ಬೀಡಿಗೆ ಇಷ್ಟು ಅಂತ ರೇಟ್ ಇತ್ತು, ಸಂಘ ಇತ್ತು. ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರು ಅಂತ ಒಪ್ಪಿಕೊಂಡ ಕಾನೂನು 1966ರಲ್ಲೇ ಬಂದಿತ್ತು. "ಹೇಗೂ ಮನೆಯಲ್ಲೇ ಇರುತ್ತೀಯ" ಅಂತ ಅಮ್ಮನಿಗೆ ಯಾರೂ ಸಾವಿರಕ್ಕೆ ಅರ್ಧ ರೇಟ್ ಕೊಡಲಿಲ್ಲ. ಕಡ್ಡಿ, ನೂಲು ಹಿಡಿದ ಕೂಡಲೇ ಅದು ಹವ್ಯಾಸ ಆಗುವುದು ಹೇಗೆ?

ಕುಂಬಳೆ ಟೀಚರ್
ಆಂಧ್ರದ ನರಸಾಪುರದ ಕಥೆಯೂ ಹೀಗೇ. ಗೋದಾವರಿ ಸೀಮೆಯ ಆ ಊರಿನ ಕ್ರೋಶಾ ಲೇಸ್‌ಗೆ 2024ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಹತ್ತೊಂಬತ್ತನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕೆಲಸ ಅದು. ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ 1970ರ ದಶಕದ ಕೊನೆಗೆ ಅಲ್ಲಿಗೆ ಹೋಗಿ ನೋಡಿದರು. ಹೆಂಗಸರು ದಿನವೂ ಗಂಟೆಗಟ್ಟಲೆ ಲೇಸ್ ಹೆಣೆಯುತ್ತಿದ್ದರು, ಮಾಲು ಪರದೇಶಕ್ಕೆ ಹೋಗುತ್ತಿತ್ತು. ಆದರೂ ಅವರನ್ನು ಬಿಡುವಿನಲ್ಲಿ ಹೆಣೆಯುವ ಗೃಹಿಣಿಯರು ಅಂತಲೇ ಕರೆಯುತ್ತಿದ್ದರು, ಕೂಲಿ ತೀರಾ ಕಡಿಮೆ. "ಬಿಡುವು" ಅನ್ನುವ ಒಂದು ಪದ ಎಷ್ಟು ಜನರ ಕೂಲಿ ತಿಂದಿದೆ ನೋಡಿ.

ಅಂದಹಾಗೆ, ಅಂಗಡಿಯಲ್ಲಿ ಸಿಗುವ ಯಂತ್ರದ ಮಾಲು ಕ್ರೋಶಾ ಅಲ್ಲ, ನಿಟ್ಟಿಂಗ್. ಕ್ರೋಶಾದಲ್ಲಿ ಒಂದೊಂದು ಕುಣಿಕೆಯನ್ನೂ ಕೊಕ್ಕೆಯಲ್ಲಿ ಎಳೆಯಬೇಕು, ಕೈಯಿಂದಲೇ. ನಿಜವಾದ ಕ್ರೋಶಾ ತೀರಾ ಅಗ್ಗಕ್ಕೆ ಸಿಕ್ಕಿದರೆ ಎಲ್ಲೋ ಒಬ್ಬಳಿಗೆ ಕೂಲಿ ಸಿಕ್ಕಿಲ್ಲ ಅಂತಲೇ ಅರ್ಥ.

ನೀರ್ಚಾಲು ಅಜ್ಜಿ
ನಾನು ಟೊಪ್ಪಿ ಮಾಡಿ 100ಕ್ಕೆ ಕೊಡುತ್ತೇನೆ. ನನಗೆ ಪಿಂಚಣಿ ಬರುತ್ತದೆ, ಮಕ್ಕಳು ಬೆಂಗಳೂರಲ್ಲಿ. ಸಂಜೆ ಕಳೆಯಬೇಕಲ್ಲಾ. ನೂಲಿನ ದುಡ್ಡು ಬಂದರೆ ನನಗೆ ಸಾಕು. ಮಗು ನನ್ನ ಟೊಪ್ಪಿ ಹಾಕಿದ ಫೋಟೊ ಕಳಿಸುತ್ತಾರೆ, ಅದೇ ಖುಷಿ. ಇದರಲ್ಲಿ ತಪ್ಪೇನು ಮಕ್ಕಳೇ?

ಉಪ್ಪಳ ಕೈಕೆಲಸ
ಅಮ್ಮಾ, ನಿಮ್ಮ ಖುಷಿ ತಪ್ಪಲ್ಲ. ಆದರೆ ನಿಮ್ಮ ಟೊಪ್ಪಿ ಕಂಡವರು ನನ್ನ ಹತ್ತಿರ ಬಂದು "ನೀರ್ಚಾಲಿನಲ್ಲಿ 100ಕ್ಕೆ ಸಿಗುತ್ತದೆ" ಅನ್ನುತ್ತಾರೆ. ನಿಜವಾಗಿಯೂ ಅಂದಿದ್ದಾರೆ. ನನಗೆ ಪಿಂಚಣಿ ಇಲ್ಲ. ಮಗನ ಸ್ಕೂಲ್ ಬಸ್ಸಿನ ದುಡ್ಡು ಈ ಟೊಪ್ಪಿಯಿಂದಲೇ ಬರಬೇಕು. ಒಂದು ವಿನಂತಿ. ದುಡ್ಡು ಬೇಡ ಅನಿಸಿದರೆ ಸುಮ್ನೆ ಕೊಡಿ, ಉಡುಗೊರೆ ಅಂತ. ಉಡುಗೊರೆಗೆ ಯಾರೂ ರೇಟ್ ಹಿಡಿಯುವುದಿಲ್ಲ. ಆದರೆ 100ಕ್ಕೆ ಮಾರಿದರೆ ಅದೇ ಊರಿನ ರೇಟ್ ಆಗುತ್ತದೆ.

ನೀರ್ಚಾಲು ಅಜ್ಜಿ
ಇದು ನನಗೆ ಹೊಳೆದೇ ಇರಲಿಲ್ಲ ಮಗಳೇ. ನಮ್ಮ ಕಾಲದಲ್ಲಿ ಕಾಸರಗೋಡಿನ ತಳಂಗರೆಯ ಕೈಹೊಲಿಗೆಯ ಟೊಪ್ಪಿ ಗಲ್ಫಿಗೆ ಹೋಗುತ್ತಿತ್ತು. ಅಷ್ಟು ಸಣ್ಣ ಹೊಲಿಗೆ ಹಾಕುವ ಕೈಗಳು ಈಗ ಎಷ್ಟು ಉಳಿದಿವೆ? ಕೂಲಿ ಹುಟ್ಟದಿದ್ದರೆ ಮಕ್ಕಳು ಯಾಕೆ ಕಲಿಯುತ್ತಾರೆ. ಇನ್ನು ಮೇಲೆ ನೆಂಟರ ಮಕ್ಕಳಿಗೆ ಹಾಗೇ ಕೊಡುತ್ತೇನೆ. ಹೊರಗಿನವರು ಕೇಳಿದರೆ ನಿನ್ನ ರೇಟ್ ಹೇಳುತ್ತೇನೆ. ಎಷ್ಟು ಅಂತ ಬರೆದು ಕಳಿಸು.

ಪೆರ್ಲದ ಹುಡುಗಿ
ಮೂರು ಪಟ್ಟಿನ ಲೆಕ್ಕ ಬಿಟ್ಟೆ. ಆದರೆ ಮುಳ್ಳೇರಿಯದ ಅಣ್ಣ ಹೇಳಿದ್ದಕ್ಕೂ ಉತ್ತರ ಬೇಕಲ್ಲಾ. ಸಾವಿರ ಕೊಡಲಾಗದವರನ್ನು ಎಂತ ಮಾಡುವುದು?

ಕುಂಬಳೆ ಟೀಚರ್
ಗಂಟೆಯ ರೇಟ್ ಇಳಿಸಬೇಡಿ, ಗಂಟೆ ಇಳಿಸಿ. ಸ್ವಲ್ಪ ದಪ್ಪ ನೂಲು, ಸುಲಭದ ಡಿಸೈನ್, ಸ್ವೆಟರ್ ಬದಲು ಬರೀ ಟೊಪ್ಪಿ. "500 ಉಂಟು, ಏನು ಆಗುತ್ತದೆ?" ಅಂತ ಗಿರಾಕಿ ಕೇಳಲಿ, ನಾವು ಅಷ್ಟರದ್ದು ತೋರಿಸೋಣ. ಒಂದು ಮಾತ್ರ ಕಡಿಮೆ ಮಾಡಬಾರದು. ಕೊನೆಗೆ ನೂಲಿನ ತುದಿಗಳನ್ನು ಸೂಜಿಯಲ್ಲಿ ಒಳಗೆ ಸೇರಿಸುವ ಕೆಲಸ. ಬೂಟೀಸ್ ಒಳಗೆ ಎಳೆ ಉಳಿದರೆ ಮಗುವಿನ ಕಾಲಬೆರಳಿಗೆ ಸುತ್ತಿಕೊಳ್ಳಬಹುದು. ಬೂಟೀಸ್ ತಿರುಗಿಸಿ ಒಳಗೆ ಬೆರಳು ಆಡಿಸಿ ನೋಡಿಯೇ ಕೊಡಬೇಕು. ಆ ಕಾಲು ಗಂಟೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮುಳ್ಳೇರಿಯದ ಗಿರಾಕಿ
ಹೀಗೆ ಬಿಡಿಸಿ ಹೇಳಿದರೆ ನಾನು ಚೌಕಾಸಿ ಮಾಡುವುದಿಲ್ಲ ಟೀಚರ್. ಬೆಲೆ ಹೇಗೆ ಆಯಿತು ಅಂತ ನಮಗೆ ಯಾರೂ ಹೇಳಿರಲಿಲ್ಲ.

ನೂಲುಂಡೆ, ಬದಿಯಡ್ಕ
ಇವತ್ತು ಸಂಜೆ ಗಂಟೆ ಬರೆದ ಪುಸ್ತಕ ಹಿಡಿದು ಅಕ್ಕನ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದು ಸಾಲೂ ಓದಿದರು. "ಬೂಟೀಸ್‌ಗೆ ಎರಡೂವರೆ ಗಂಟೆಯಾ? ಇಷ್ಟು ಚಿಕ್ಕದಕ್ಕೆ?" ಅಂದರು. ಕಡ್ಡಿ, ನೂಲು ಜೊತೆಗೇ ಇತ್ತು. ಅವರ ಎದುರೇ ಹಿಮ್ಮಡಿಯ ಎರಡು ಸಾಲು ಹಾಕಿ ತೋರಿಸಿದೆ. ಅವರ ಚಹಾ ಅಷ್ಟರಲ್ಲಿ ತಣಿದಿತ್ತು.

ಸ್ವೆಟರ್ ಬೇಡ ಅಂದರು, ಟೊಪ್ಪಿ ಮತ್ತು ಬೂಟೀಸ್ ಸಾಕು. ಐದೂವರೆ ಗಂಟೆಗೆ 253, ನೂಲಿಗೆ 90. 350 ಹೇಳಿದೆ. ಒಪ್ಪಿದರು. ಹಳದಿ ಬೇಕಂತೆ. ನನ್ನ ಹತ್ತಿರ ಬಿಳಿ ಮಾತ್ರ ಉಂಟು, ಸೋಮವಾರ ಮಂಗಳೂರಿಗೆ ಹೋಗಬೇಕು.

ಪೆರ್ಲದ ಹುಡುಗಿ
ಹೋಗಬೇಡಿ ಅಕ್ಕ, ನನ್ನಲ್ಲಿ ಹಳದಿ ಹತ್ತಿ ನೂಲು ಒಂದು ಉಂಡೆ ಹಾಗೇ ಉಂಟು. ಎಷ್ಟು ಬೇಕು?

ನೂಲುಂಡೆ, ಬದಿಯಡ್ಕ
60 ಗ್ರಾಂ. ತೂಗಿ ಬಸ್ಸಿನಲ್ಲಿ ಕಳಿಸು. ದುಡ್ಡು ಎಷ್ಟು ಅಂತ ಚೀಟಿಯಲ್ಲಿ ಬರೆದು ಹಾಕು, ಮರೆಯಬೇಡ.