ಮೂರು ದೇಶದಲ್ಲಿ ದುಡಿದವರ ಪಿಂಚಣಿ: ಕಾಸರಗೋಡಿನ ನಮ್ಮ ಗುಂಪಿನ ಪ್ರಶ್ನೋತ್ತರ

ಪ್ರಶ್ನೆ, ಬದಿಯಡ್ಕದಿಂದ:
ಸರ್, ನಮಸ್ಕಾರ. ಅಣ್ಣನ ಪರವಾಗಿ ಕೇಳುವುದು. ಅವರು ಹುಟ್ಟಿದ್ದು 1967ರಲ್ಲಿ, 58 ತುಂಬಿದೆ. 1997ರಿಂದ 2004ರವರೆಗೆ ಬೆಂಗಳೂರಿನ ಕಂಪೆನಿಯಲ್ಲಿ 7 ವರ್ಷ 2 ತಿಂಗಳು, ಪಿಎಫ್ ಇತ್ತು. ಆಮೇಲೆ ಜರ್ಮನಿಯಲ್ಲಿ 51 ತಿಂಗಳು. ಕೊನೆಗೆ ದುಬೈಯಲ್ಲಿ 12 ವರ್ಷ. ಪಿಎಫ್ ಪಿಂಚಣಿಗೆ 10 ವರ್ಷ ಬೇಕು, ಜರ್ಮನಿಯ ಪಿಂಚಣಿಗೆ 5 ವರ್ಷ ಬೇಕು, ಎರಡೂ ಆಗಿಲ್ಲ, ಹಾಗಾಗಿ ಸಿಗುವುದನ್ನು ತೆಗೆದುಬಿಡಿ ಎಂದು ಒಬ್ಬರು ಹೇಳಿದ್ದಾರೆ. ಅಲ್ಲಿ ಕಟ್ಟಿದ ಪಿಂಚಣಿ ವಂತಿಗೆಯನ್ನು ವಾಪಸ್ ಪಡೆಯುವ ಜರ್ಮನಿಯ ರೀಫಂಡ್ ಫಾರಂ ಕೂಡ ಭರ್ತಿ ಮಾಡಿ ಇಟ್ಟಿದ್ದೇವೆ. ಕಳಿಸಬಹುದಾ?

ಉತ್ತರ, ಪಿಂಚಣಿ ಸಲಹೆಗಾರರು:
ಆ ಫಾರಂ ಸದ್ಯ ಕಳಿಸಬೇಡಿ. ಒಮ್ಮೆ ರೀಫಂಡ್ ಮಂಜೂರಾದರೆ ಜರ್ಮನಿಯ 51 ತಿಂಗಳೂ ಅಳಿಸಿಹೋಗುತ್ತವೆ, ಹಣ ವಾಪಸ್ ಕಟ್ಟುತ್ತೇನೆಂದರೂ ಮತ್ತೆ ಸೇರಿಸುವುದಿಲ್ಲ.

ಭಾರತಕ್ಕೂ ಜರ್ಮನಿಗೂ ಸಾಮಾಜಿಕ ಭದ್ರತಾ ಒಪ್ಪಂದ ಉಂಟು, 2017ರ ಮೇ 1ರಿಂದ ಜಾರಿಯಲ್ಲಿದೆ. ಅದಕ್ಕಿಂತ ಮೊದಲು ದುಡಿದ ಕಾಲವೂ ಲೆಕ್ಕಕ್ಕೆ ಬರುತ್ತದೆ. ಒಂದು ದೇಶದಲ್ಲಿ ಕನಿಷ್ಠ ಅವಧಿ ತುಂಬದಿದ್ದರೆ ಇನ್ನೊಂದು ದೇಶದ ಅವಧಿಯನ್ನು ಕೂಡಿಸಿ ನೋಡಬೇಕು ಎಂಬುದು ಅದರ ಸಾರ. ಕೂಡಿಸುವುದು ಹೊಸ್ತಿಲು ದಾಟಿಸಲಿಕ್ಕೆ ಮಾತ್ರ. ಹಣ ಒಟ್ಟಾಗುವುದಿಲ್ಲ. ಜರ್ಮನಿ ತನ್ನ 51 ತಿಂಗಳಿಗೆ ಕೊಡುತ್ತದೆ, ಭಾರತ ತನ್ನ 7 ವರ್ಷಕ್ಕೆ ಕೊಡುತ್ತದೆ, ಬೇರೆ ಬೇರೆ ತಾರೀಕಿನಿಂದ, ಬೇರೆ ಬೇರೆ ಖಾತೆಯಿಂದ.

ಜರ್ಮನಿಗೆ ಬೇಕಾದದ್ದು 60 ತಿಂಗಳು. ಅಣ್ಣನದ್ದು 51, ಬೆಂಗಳೂರಿನ 86 ಸೇರಿದರೆ ಧಾರಾಳ ಆಯಿತು. ಅಲ್ಲಿನ ಪಿಂಚಣಿ ಪಾಯಿಂಟ್ ಲೆಕ್ಕದಲ್ಲಿ. ಆ ವರ್ಷದ ಸರಾಸರಿ ಸಂಬಳದಷ್ಟೇ ದುಡಿದರೆ ವರ್ಷಕ್ಕೆ 1 ಪಾಯಿಂಟ್. 2025ರ ಜುಲೈಯ ದರದಂತೆ ಒಂದು ಪಾಯಿಂಟಿಗೆ ತಿಂಗಳಿಗೆ 40.79 ಯೂರೋ. ಸರಾಸರಿ ಸಂಬಳ ಎಂದೇ ಹಿಡಿದರೆ 4.25 ಪಾಯಿಂಟ್, ಅಂದರೆ ತಿಂಗಳಿಗೆ ಸುಮಾರು 173 ಯೂರೋ, ಬದುಕಿರುವಷ್ಟು ಕಾಲ. ಇದೇ ಸಂಬಳಕ್ಕೆ ರೀಫಂಡ್ ಎಷ್ಟು? ಕೊಡುವುದು ನೌಕರನ ಪಾಲು ಮಾತ್ರ, ಕಂಪೆನಿಯ ಪಾಲು ಅಲ್ಲೇ ಉಳಿಯುತ್ತದೆ, ಬಡ್ಡಿ ಇಲ್ಲ. ಆಗಿನ ಸರಾಸರಿ ಸಂಬಳ ವರ್ಷಕ್ಕೆ ಹತ್ತಿರ ಹತ್ತಿರ 30,000 ಯೂರೋ, ನೌಕರನ ಪಾಲು ಶೇ. 10ಕ್ಕೆ ಸ್ವಲ್ಪ ಕಡಿಮೆ. ಒಟ್ಟು 12,500 ಯೂರೋ ಆಸುಪಾಸು. ಪಿಂಚಣಿಯಾದರೆ ಆರು ವರ್ಷದಲ್ಲಿ ಅಷ್ಟು ಕೈಗೆ ಬಂದಿರುತ್ತದೆ. 1964 ಮತ್ತು ಅನಂತರ ಹುಟ್ಟಿದವರಿಗೆ ಅಲ್ಲಿ ಪಿಂಚಣಿ ವಯಸ್ಸು 67, ಅದಕ್ಕೆ ಕಾಯಬೇಕು. ಆರೋಗ್ಯ ತೀರಾ ಕೆಟ್ಟಿದ್ದರೆ, ಅಥವಾ ತಲೆಯ ಮೇಲೆ ಸಾಲ ಇದ್ದರೆ ರೀಫಂಡಿಗೂ ಅರ್ಥ ಉಂಟು. "ಬೇರೆ ದಾರಿ ಇಲ್ಲ" ಎಂದು ತೆಗೆಯುವುದು ಮಾತ್ರ ತಪ್ಪು.

ಭಾರತದ ಕಡೆ ನೋಡಿದರೆ 7 ವರ್ಷಕ್ಕೆ ಜರ್ಮನಿಯ 4 ವರ್ಷ ಸೇರಿ 11 ದಾಟುತ್ತದೆ. ಪಿಎಫ್ ಜೊತೆಗಿನ ಪಿಂಚಣಿ ಯೋಜನೆ ಇಪಿಎಸ್ 95, ಅದರ ಸೂತ್ರ ಇಷ್ಟು: ಪಿಂಚಣಿಗೆ ಹಿಡಿಯುವ ಸಂಬಳವನ್ನು ಸೇವಾ ವರ್ಷದಿಂದ ಗುಣಿಸಿ 70ರಿಂದ ಭಾಗಿಸುವುದು. 2004ರಲ್ಲಿ ಆ ಸಂಬಳದ ಮಿತಿ 6,500 ರೂಪಾಯಿ ಇತ್ತು, 15,000 ಆದದ್ದು 2014ರ ಸೆಪ್ಟೆಂಬರಿನಲ್ಲಿ. 6,500ನ್ನು 7ರಿಂದ ಗುಣಿಸಿ 70ರಿಂದ ಭಾಗಿಸಿದರೆ 650 ರೂಪಾಯಿ. ನಗಬೇಡಿ. ಬೆಂಗಳೂರಿನ ಆ 7 ವರ್ಷದ ನಿಜವಾದ ಬೆಲೆ ಈ 650 ಅಲ್ಲ, ಜರ್ಮನಿಯ 173 ಯೂರೋಗೆ ಅದೇ ಕೀಲಿಕೈ.

ಅದಕ್ಕೇ ಮೊದಲು ಒಂದು ವಿಷಯ ಖಚಿತ ಮಾಡಿ. 2004ರಲ್ಲಿ ಕೆಲಸ ಬಿಟ್ಟಾಗ ಅಣ್ಣ ಯಾವ ಫಾರಂಗೆ ಸಹಿ ಹಾಕಿದ್ದರು? ಫಾರಂ 19 ಪಿಎಫ್ ಹಣಕ್ಕೆ, ಅದನ್ನು ತೆಗೆದಿದ್ದರೆ ತೊಂದರೆ ಇಲ್ಲ. ಫಾರಂ 10ಸಿಯಲ್ಲಿ ಪಿಂಚಣಿಯ ಹಣವನ್ನೂ ತೆಗೆದಿದ್ದರೆ ಆ ಸೇವೆ ಅಲ್ಲಿಗೇ ಮುಗಿದಿದೆ. ಆ ಕಾಲದಲ್ಲಿ ಕಂಪೆನಿಯವರು ಎರಡನ್ನೂ ಒಟ್ಟಿಗೆ ಪಿನ್ ಮಾಡಿ ಕೊಡುತ್ತಿದ್ದರು, ಜನ ಎರಡಕ್ಕೂ ಸಹಿ ಹಾಕುತ್ತಿದ್ದರು.

ಬದಿಯಡ್ಕದವರು:
ಫಾರಂ ನೆನಪಿಲ್ಲವಂತೆ. ಪಿಎಫ್ ಸದಸ್ಯರ ಖಾಯಂ ಸಂಖ್ಯೆ ಯುಎಎನ್ ಕೂಡ ಇಲ್ಲ. ಹೇಗೆ ತಿಳಿಯುವುದು?

ಸಲಹೆಗಾರರು:
ಯುಎಎನ್ ಶುರುವಾದದ್ದೇ 2014ರಲ್ಲಿ, ಅದಕ್ಕೆ ಮೊದಲು ಬಿಟ್ಟವರಿಗೆ ಇರುವುದಿಲ್ಲ. ಹಳೆಯ ಸಂಬಳ ಚೀಟಿಯಲ್ಲೋ ವಾರ್ಷಿಕ ಪಿಎಫ್ ಸ್ಲಿಪ್ಪಿನಲ್ಲೋ "ಕೆಎನ್" ಎಂದು ಆರಂಭವಾಗುವ ಖಾತೆ ಸಂಖ್ಯೆ ಇರುತ್ತದೆ, ಹುಡುಕಿ. ಅದು ಸಿಕ್ಕರೆ ಆ ಖಾತೆ ಇದ್ದ ಬೆಂಗಳೂರಿನ ಪಿಎಫ್ ಕಚೇರಿಗೆ ಬರೆದು ಎರಡೇ ಪ್ರಶ್ನೆ ಕೇಳಿ: ಪಿಂಚಣಿ ಖಾತೆಯ ಸೇವೆ ಎಷ್ಟು, 10ಸಿ ಹಣ ಪಾವತಿಯಾಗಿದೆಯಾ. ತಿಂಗಳುಗಟ್ಟಲೆ ಉತ್ತರ ಬಾರದಿದ್ದರೆ ಇದೇ ಎರಡು ಪ್ರಶ್ನೆಗಳನ್ನು ಮಾಹಿತಿ ಹಕ್ಕಿನಲ್ಲಿ ಹಾಕಿ. ಆ ಕಾಲದ ಬ್ಯಾಂಕ್ ಪಾಸ್‌ಬುಕ್ ಇದ್ದರೆ ಅದರಲ್ಲೂ ಗೊತ್ತಾಗುತ್ತದೆ: ದೊಡ್ಡ ಮೊತ್ತದ ಹಿಂದೆಯೋ ಮುಂದೆಯೋ ಒಂದು ಸಣ್ಣ ಮೊತ್ತ ಪಿಎಫ್ ಕಚೇರಿಯಿಂದ ಜಮೆಯಾಗಿದ್ದರೆ ಅದು ಹೆಚ್ಚಾಗಿ 10ಸಿಯದ್ದೇ.

ಸೇವೆ ಉಳಿದಿದ್ದರೆ ಪಿಂಚಣಿಯ ಅರ್ಜಿ ಫಾರಂ 10ಡಿ. ಆನ್‌ಲೈನಿನಲ್ಲಿ 10 ವರ್ಷ ಆಗಿಲ್ಲ ಎಂದು ಬಂದರೆ ಹೆದರಬೇಡಿ. ಕಾಗದದಲ್ಲಿ ಕೊಟ್ಟು, "ಭಾರತ-ಜರ್ಮನಿ ಒಪ್ಪಂದದಂತೆ ಎರಡೂ ಅವಧಿ ಕೂಡಿಸಿ ಪರಿಗಣಿಸಬೇಕು" ಎಂದು ಮುಖಪತ್ರದಲ್ಲಿ ಬರೆಯಿರಿ. ಈ ಒಂದು ಸಾಲು ಇಲ್ಲದ ಅರ್ಜಿಗಳೇ ತಿರಸ್ಕಾರವಾಗಿ ಬರುವುದು.

ಜರ್ಮನಿಯ ಕಡೆ 67 ಆಗುವವರೆಗೆ ಸುಮ್ಮನೆ ಕೂರಬೇಡಿ. ಅಲ್ಲಿನ ಪಿಂಚಣಿ ಸಂಸ್ಥೆ ಡಾಯ್ಚ ರೆಂಟನ್‌ಫೆರ್‌ಸಿಖೆರುಂಗ್‌ಗೆ ಈಗಲೇ ವಿ 0100 ಫಾರಂ ಕಳಿಸಿ ಖಾತೆಯ ವಿವರ ತರಿಸಿ, ತಿಂಗಳು ಬಿಟ್ಟುಹೋಗಿದ್ದರೆ ಈಗ ಸರಿಪಡಿಸುವುದು ಸುಲಭ. 67 ತುಂಬಿದ ತಿಂಗಳಾದ ಮೇಲೆ ಮೂರು ತಿಂಗಳೊಳಗೆ ಅರ್ಜಿ ಮುಟ್ಟಬೇಕು. ತಡವಾದರೆ ಅರ್ಜಿ ಮುಟ್ಟಿದ ತಿಂಗಳಿನಿಂದ ಮಾತ್ರ ಕೊಡುತ್ತಾರೆ, ಹಿಂದಿನದು ಹೋಯಿತು.

ದುಬೈಯ 12 ವರ್ಷ ಇದ್ಯಾವುದಕ್ಕೂ ಸೇರುವುದಿಲ್ಲ. ಯುಎಇ ಜೊತೆ ಇಂಥ ಒಪ್ಪಂದ ಇಲ್ಲ.

ಪ್ರಶ್ನೆ, ಕುಂಬಳೆಯಿಂದ:
ಇದೇ ಸಾಲಿನಲ್ಲಿ ಒಂದು ಸಂಶಯ. ನನ್ನನ್ನು ಕಂಪೆನಿಯೇ ಜರ್ಮನಿಗೆ ಮೂರು ವರ್ಷ ಕಳಿಸಿತ್ತು, ಸಂಬಳ ಅಲ್ಲಿಯದ್ದೇ. ಆದರೆ ಅಲ್ಲಿನ ಪಿಂಚಣಿ ಖಾತೆಯಲ್ಲಿ ಏನೂ ಇಲ್ಲ ಎನ್ನುತ್ತಾರೆ!

ಸಲಹೆಗಾರರು:
ನಿಮಗೆ ಕವರೇಜ್ ಸರ್ಟಿಫಿಕೇಟ್ ಮಾಡಿಸಿರಬೇಕು. ಅದು ಇದ್ದರೆ ಅಲ್ಲಿ ಕಟ್ಟಬೇಕಾಗಿಲ್ಲ, ಭಾರತದ ಪಿಎಫ್ ಮುಂದುವರಿಯುತ್ತದೆ. ಜರ್ಮನಿಗೆ ಇದರ ಮಿತಿ 48 ತಿಂಗಳು. ಆ ಮೂರು ವರ್ಷ ನಿಮ್ಮ ಇಪಿಎಸ್ ಸೇವೆಯಲ್ಲೇ ಇರಬೇಕು, ಪಿಎಫ್ ಪಾಸ್‌ಬುಕ್ಕಿನಲ್ಲಿ ಆ ತಿಂಗಳುಗಳಿಗೆ ಪಿಂಚಣಿ ಕಾಲಂ ಖಾಲಿ ಇದೆಯಾ ನೋಡಿ. ಖಾಲಿ ಇದ್ದರೆ ಕಂಪೆನಿಯನ್ನು ಕೇಳಬೇಕು.

ಪ್ರಶ್ನೆ, ಮಂಜೇಶ್ವರದಿಂದ:
ಸರ್, ನಾನು ನರ್ಸ್. ಸೌದಿ 4 ವರ್ಷ, ಐರ್ಲೆಂಡ್ 5 ವರ್ಷ, ಈಗ ಇಂಗ್ಲೆಂಡಿನಲ್ಲಿ 8ನೇ ವರ್ಷ ಮುಗಿಯುತ್ತಾ ಬಂತು. ಊರಿಗೆ ಬರುವ ಯೋಚನೆ ಉಂಟು. ಇನ್ನೂ ಎರಡು ವರ್ಷ ಇದ್ದು 10 ಮಾಡಿಕೊಂಡೇ ಬರಬೇಕಾ?

ಸಲಹೆಗಾರರು:
ಅಕ್ಕಾ, ಬರೀ ಪಿಂಚಣಿಯ ಹೊಸ್ತಿಲಿಗಾಗಿ ಆದರೆ ಬೇಡ. ಬ್ರಿಟನ್‌ಗೆ 10 ಅರ್ಹ ವರ್ಷ (ವಂತಿಗೆ ಪೂರ್ಣವಾದ ವರ್ಷ) ಬೇಕು, ಐರ್ಲೆಂಡಿಗೆ 520 ವಾರದ ವಂತಿಗೆ, ಅದೂ 10 ವರ್ಷವೇ. ಆ ಎರಡು ದೇಶಗಳ ನಡುವೆ ಕೂಡಿಸುವ ವ್ಯವಸ್ಥೆ ಉಂಟು. 8ಕ್ಕೆ 5 ಸೇರಿ 13, ಎರಡೂ ಕಡೆ ದಾಟಿತು. ಬ್ರಿಟನ್‌ನ ಪೂರ್ಣ ಪಿಂಚಣಿಗೆ 35 ವರ್ಷ, ನಿಮಗೆ ಕೊಡುವುದು ಅದರ 35ರಲ್ಲಿ 8 ಪಾಲು. 2025-26ರ ಪೂರ್ಣ ದರ ವಾರಕ್ಕೆ 230.25 ಪೌಂಡ್ ಇತ್ತು, ಆ ಲೆಕ್ಕದಲ್ಲಿ ನಿಮಗೆ 52.63. ಅಲ್ಲೇ ಇನ್ನೆರಡು ವರ್ಷ ದುಡಿದರೆ ವಾರಕ್ಕೆ 13 ಪೌಂಡ್ ಹೆಚ್ಚಾಗುತ್ತದೆ, ಅದನ್ನು ನೋಡಿ ನಿರ್ಧಾರ ಮಾಡಿ.

ಭಾರತಕ್ಕೂ ಬ್ರಿಟನ್‌ಗೂ ಪಿಂಚಣಿ ಕೂಡಿಸುವ ಒಪ್ಪಂದ ಇಲ್ಲ. ಊರಿನ ಆಸ್ಪತ್ರೆಯಲ್ಲಿ ಕಟ್ಟಿದ ಪಿಎಫ್ ಅಲ್ಲಿ ಲೆಕ್ಕಕ್ಕಿಲ್ಲ. ಇನ್ನೊಂದು ಪೆಟ್ಟು, ಭಾರತದಲ್ಲಿ ವಾಸವಿದ್ದರೆ ಬ್ರಿಟನ್‌ನ ಸರಕಾರಿ ಪಿಂಚಣಿ ಮೊದಲು ಎಷ್ಟು ಶುರುವಾಯಿತೋ ಅಷ್ಟಕ್ಕೇ ನಿಲ್ಲುತ್ತದೆ, ಅಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಆಗುವ ಏರಿಕೆ ಇಲ್ಲಿಗೆ ಬರುವುದಿಲ್ಲ. ಇಪ್ಪತ್ತು ವರ್ಷ ಬದುಕುವ ಲೆಕ್ಕ ಹಾಕಿದರೆ ಇದು ಸಣ್ಣ ಮಾತಲ್ಲ.

ಹೊರಡುವ ಮೊದಲು ನಿಮ್ಮ ನ್ಯಾಷನಲ್ ಇನ್ಶೂರೆನ್ಸ್ (ಬ್ರಿಟನ್‌ನಲ್ಲಿ ಕಟ್ಟಿದ ವಂತಿಗೆಯ) ದಾಖಲೆಯನ್ನು ಆನ್‌ಲೈನಿನಲ್ಲಿ ನೋಡಿ ಪ್ರತಿ ತೆಗೆದಿಟ್ಟುಕೊಳ್ಳಿ. ಬಂದ ವರ್ಷ ಮತ್ತು ಹೊರಡುವ ವರ್ಷ ಅರ್ಧಂಬರ್ಧ ಇರುತ್ತದೆ, "ಪೂರ್ಣವಾಗಿಲ್ಲ" ಎಂದು ತೋರಿಸುತ್ತದೆ, ಹಾಗಾಗಿ 8 ಎಂದುಕೊಂಡದ್ದು 7 ಆಗಬಹುದು. ವಿದೇಶದಿಂದ ಸ್ವಯಂ ವಂತಿಗೆ ಕಟ್ಟುವ ನಿಯಮ 2026ರ ಏಪ್ರಿಲ್ 6ರಿಂದ ಬಿಗಿಯಾಗಿದೆ, ಕಡಿಮೆ ದರದ ಕ್ಲಾಸ್ 2 ಹೋಗಿದೆ. ಹಳೆಯ ವೀಡಿಯೊ ನೋಡಿ ಅದನ್ನು ನೆಚ್ಚಿಕೊಳ್ಳಬೇಡಿ. ಅಲ್ಲಿನ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಪಿಂಚಣಿ ಇದ್ದರೆ ಅದು ಪ್ರತ್ಯೇಕ, ಅದಕ್ಕೆ ಬೇರೆಯೇ ಅರ್ಜಿ. ಸೌದಿಯಲ್ಲಿ ವಿದೇಶಿಯರಿಗೆ ಕಟ್ಟುವುದು ಕೆಲಸದ ಅಪಘಾತ ವಿಮೆಗೆ ಮಾತ್ರ, ಪಿಂಚಣಿ ಇಲ್ಲ.

ಪ್ರಶ್ನೆ, ಉಪ್ಪಳದಿಂದ:
ನಮ್ಮದು ಜರ್ಮನಿಯೂ ಇಲ್ಲ, ಲಂಡನ್ನೂ ಇಲ್ಲ ಮಾರಾಯ್ರೆ. 22 ವರ್ಷ ಅಬುಧಾಬಿಯ ಅಂಗಡಿ. ಎಂತ ಸಿಗ್ತದೆ?

ಸಲಹೆಗಾರರು:
ಅಲ್ಲಿಂದ ಪಿಂಚಣಿ ಇಲ್ಲ, ಗ್ರಾಚ್ಯುಯಿಟಿ ಮಾತ್ರ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಮುಂದಿನದ್ದಕ್ಕೆ 30 ದಿನ, ಒಟ್ಟು ಎರಡು ವರ್ಷದ ವೇತನ ಮೀರಬಾರದು. ಮೂಲ ವೇತನ ಎಂದರೆ ರೂಮ್, ಗಾಡಿ ಭತ್ಯೆ ಬಿಟ್ಟು. ಕರಾರಿನಲ್ಲಿ ಬೇಸಿಕ್ ಎಷ್ಟೆಂದು ಬರೆದಿದೆ ಎಂಬುದೇ ಎಲ್ಲ.

ಪಿಂಚಣಿ ಬೇಕಾದರೆ ಕೇರಳ ಪ್ರವಾಸಿ ಕ್ಷೇಮ ಮಂಡಳಿ (ಮಲಯಾಳದಲ್ಲಿ ಪ್ರವಾಸಿ ಎಂದರೆ ಹೊರಗೆ ಹೋಗಿ ದುಡಿಯುವವರು). ಮನೆ ಕಾಸರಗೋಡು ಜಿಲ್ಲೆಯಲ್ಲಿದ್ದರೆ ನೀವು ಕೇರಳದವರೇ, ಮಾತೃಭಾಷೆ ಕನ್ನಡವೋ ತುಳುವೋ ಎಂದು ಯಾರೂ ಕೇಳುವುದಿಲ್ಲ. (ಮಂಡಳಿಯ ಕಾರ್ಡು ನಮಗಲ್ಲ ಎಂದು ಸುಮ್ಮನಿದ್ದವರು ಪೆರ್ಲ, ಮುಳ್ಳೇರಿಯ ಕಡೆ ಈಗಲೂ ಇದ್ದಾರೆ.) ವಿದೇಶದಲ್ಲಿರುವಾಗ ತಿಂಗಳಿಗೆ 350 ರೂಪಾಯಿ, ವಾಪಸ್ ಬಂದವರಿಗೆ 200. ಕನಿಷ್ಠ ಐದು ವರ್ಷ ಕಟ್ಟಿರಬೇಕು, ವಯಸ್ಸು 60 ತುಂಬಿರಬೇಕು. 2022ರಲ್ಲಿ ಹೆಚ್ಚಿಸಿದ ದರದಂತೆ ವಿದೇಶದಲ್ಲಿದ್ದು ಕಟ್ಟಿದವರಿಗೆ ತಿಂಗಳಿಗೆ 3,500, ವಾಪಸಾಗಿ ಕಟ್ಟಿದವರಿಗೆ 3,000. 60 ದಾಟಿದ ಮೇಲೆ ಸೇರಿಸುವುದಿಲ್ಲ. 59ರಲ್ಲಿ ಸೇರಿದರೂ ಐದು ವರ್ಷ ಕಟ್ಟಿ ಮುಗಿಸಿ ಪಡೆಯಬಹುದು. ನೋರ್ಕಾ (ಕೇರಳದ ಅನಿವಾಸಿಗಳ ಇಲಾಖೆ) ಗುರುತಿನ ಚೀಟಿ ಇದೆಯಲ್ಲ ಎಂದು ಸುಮ್ಮನಿರಬೇಡಿ, ಅದು ಬೇರೆ, ಈ ಮಂಡಳಿಯ ಸದಸ್ಯತ್ವ ಬೇರೆ. ಅರ್ಜಿಗೆ ಪಾಸ್‌ಪೋರ್ಟಿನ ವೀಸಾ ಪುಟಗಳು ಬೇಕು. ಹಳೆಯ ಪಾಸ್‌ಪೋರ್ಟ್ ಬಿಸಾಡಬೇಡಿ ಎನ್ನುವುದು ಅದಕ್ಕೇ.

ಬದಿಯಡ್ಕದ ಅಣ್ಣನವರಿಗೂ ಇದು ಅನ್ವಯ, 60 ಆಗುವ ಮೊದಲು ಸೇರಿಸಿ.

ಪ್ರಶ್ನೆ, ನೀರ್ಚಾಲಿನಿಂದ:
ಹೆಸರಿನ ಗೋಳು. ಆಧಾರ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೇ ಸರ್‌ನೇಮ್, ಪಿಎಫ್‌ನಲ್ಲಿ ಕೊನೆಗೆ ಭಟ್.

ಸಲಹೆಗಾರರು:
ನಮ್ಮ ಕಡೆಯ ಅರ್ಜಿಗಳಲ್ಲಿ ಅತಿ ಹೆಚ್ಚು ತಡವಾಗುವುದು ಇದರಿಂದಲೇ. ಜರ್ಮನಿಯ ವಿಮಾ ಸಂಖ್ಯೆ ಇದ್ದರೆ ಒಂದು ಸುಳಿವು ಉಂಟು. ಅದರಲ್ಲಿ 12 ಅಕ್ಷರ, ಮೊದಲ ಎರಡಾದ ಮೇಲೆ ಹುಟ್ಟಿದ ದಿನಾಂಕದ ಆರು ಅಂಕಿ, ಆಮೇಲೆ ಒಂದು ಇಂಗ್ಲಿಷ್ ಅಕ್ಷರ. ಆ ಅಕ್ಷರ ಜನ್ಮ ಕುಲನಾಮದ ಮೊದಲಕ್ಷರ. ಅಲ್ಲಿ ಬಿ ಇದ್ದರೆ ಭಟ್ ಎಂದು ದಾಖಲಾಗಿದೆ, ಬೇರೆ ಇದ್ದರೆ ತಂದೆಯ ಹೆಸರು. ಅರ್ಜಿಯಲ್ಲಿ ಆ ದೇಶದ ದಾಖಲೆಯಲ್ಲಿ ಇರುವ ಹೆಸರನ್ನೇ ಬರೆಯಿರಿ, ಈಗಿನ ಹೆಸರನ್ನು "ಇನ್ನೊಂದು ಹೆಸರು" ಕಾಲಂನಲ್ಲಿ ಕೊಡಿ. ಇಬ್ಬರೂ ಒಬ್ಬರೇ ಎಂಬ ಸರ್ಟಿಫಿಕೇಟನ್ನು ಅಕ್ಷಯ ಕೇಂದ್ರದ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಮೂಲಕ ವಿಲೇಜ್ ಆಫೀಸಿನಿಂದ ಮಾಡಿಸಬಹುದು. ಮಾಡಿಸುವಾಗ ಎಲ್ಲ ರೂಪಗಳನ್ನೂ ಒಂದೇ ಸರ್ಟಿಫಿಕೇಟಿನಲ್ಲಿ ಬರೆಸಿ, ಎರಡನ್ನು ಬರೆಸಿ ಮೂರನೆಯದನ್ನು ಮರೆತರೆ ಮತ್ತೆ ಮೊದಲಿಂದ. ಮಲಯಾಳದಲ್ಲಿ ಬಂದರೆ ಇಂಗ್ಲಿಷ್ ಅನುವಾದ ಸೇರಿಸಿ.

ಒಬ್ಬ ಆಡಿಟರ್ ಸದಸ್ಯರು ಸೇರಿಸಿದ್ದು:
ಊರಲ್ಲಿ ನೆಲೆಸಿ ಭಾರತದ ನಿವಾಸಿಯಾದ ಮೇಲೆ ವಿದೇಶಿ ಪಿಂಚಣಿಯನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಬೇಕು, ಐಟಿಆರ್ 1 ಎಂಬ ಸರಳ ಫಾರಂನಲ್ಲಿ ಆಗುವುದಿಲ್ಲ. ಅಲ್ಲಿ ಬ್ಯಾಂಕ್ ಖಾತೆ ಉಳಿಸಿಕೊಂಡಿದ್ದರೆ, ಅದರಲ್ಲಿ ಹತ್ತು ಪೌಂಡ್ ಇದ್ದರೂ, ವಿದೇಶಿ ಆಸ್ತಿಯ ಶೆಡ್ಯೂಲಿನಲ್ಲಿ ಬರೆಯಬೇಕು. ಎನ್‌ಆರ್‌ಇ (ಅನಿವಾಸಿಗಳ) ಖಾತೆಯನ್ನು ಬದಲಿಸದೆ ಅದಕ್ಕೇ ಪಿಂಚಣಿ ತರಿಸುವವರು ಇದ್ದಾರೆ, ಅದು ತಪ್ಪು. ಸಾಮಾನ್ಯ ಉಳಿತಾಯ ಖಾತೆ ಸಾಕು.

ಬದಿಯಡ್ಕದವರು:
ಸರ್, ಅಟ್ಟದ ಪೆಟ್ಟಿಗೆಯಲ್ಲಿ 2003ರ ಪಿಎಫ್ ಸ್ಲಿಪ್ ಸಿಕ್ಕಿತು, ಕೆಎನ್ ನಂಬರ್ ಉಂಟು. ರೀಫಂಡ್ ಫಾರಂ ಬದಿಗಿಟ್ಟೆವು. ನಾಳೆ ಬೆಂಗಳೂರಿಗೆ ರಿಜಿಸ್ಟರ್ಡ್ ಮಾಡುತ್ತೇವೆ.

ಸಲಹೆಗಾರರು:
ಒಳ್ಳೆಯದು. ಸ್ಲಿಪ್ಪಿನ ಮೂಲ ಪ್ರತಿ ಕಳಿಸಬೇಡಿ, ಜೆರಾಕ್ಸ್ ಸಾಕು. ಅಕ್ನಾಲೆಜ್‌ಮೆಂಟ್ ಕಾರ್ಡು ವಾಪಸ್ ಬಂದರೆ ಅದನ್ನೂ ಅದೇ ಪೆಟ್ಟಿಗೆಗೆ ಹಾಕಿಡಿ.